ಸಿಂಗಾಪುರಕ್ಕೊಂದು ಸೈನು

ಒಳ್ಳೆಯ ಊಟ ಉಂಡು ಕೈ ತೊಳೆಯುವುದರೊಳಗೆ ಯಾರಾದರೂ ಒಳ್ಳೆಯ ಸುದ್ದಿ ಹೇಳಿದರೆ ಗಂಗಲಕ್ಷ್ಮಮ್ಮನಿಗೆ ಎದೆ ಹೊಡೆದುಕೊಳ್ಳುತ್ತದೆ. ಹೊಟ್ಟೆ ತುಂಬಿದ ಮೇಲೆ ಬರುವ ಸುದ್ದಿಯ ಹಿಂದೆ ಒಂದು ಕಾಗದ ಇದ್ದೇ ಇರುತ್ತದೆ ಎಂಬುದು ಅವಳ ಅರವತ್ತಮೂರು ವರ್ಷದ ಅನುಭವ. ಹಾಗಾಗಿ ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಮಟನ್ ಸಾರಿಗೆ ಎರಡನೇ ಮುದ್ದೆ ಮುರಿಯುತ್ತಾ ಮಗಳು ಹಂಸ, “ಅಮ್ಮ, ಸಿಂಗಾಪುರಕ್ಕೆ ಹೋಗೋಣ. ನಾವಿಬ್ರೇ,” ಅಂದಾಗ ಅವಳು ಸಂತೋಷಪಡಲಿಲ್ಲ. ಮಗಳ ಪಕ್ಕದಲ್ಲಿದ್ದ ಕೈಚೀಲದ ಕಡೆ ನೋಡಿದಳು. ಚೀಲ ಸ್ವಲ್ಪ ಉಬ್ಬಿತ್ತು.

ಎದುರಿಗೆ ಕೂತಿದ್ದ ಮಗ ಕೆಂಪರಾಜನ ಕೈ ತಟ್ಟೆಯಲ್ಲೇ ನಿಂತಿತು. “ಸಿಂಗಾಪುರಕ್ಕಾ? ಕೊರೊನಾ?”

“ಎಲ್ಲಾ ಬಿಟ್ಟಿದಾರಣ್ಣ. ಹೋದ ವಾರದಿಂದ ವಿಮಾನ ಮಾಮೂಲಿ ಓಡಾಡ್ತಿವೆ. ಎರಡು ಡೋಸ್ ಹಾಕ್ಸಿದ್ರೆ ಸಾಕು, ಮೂಗಿಗೆ ಕಡ್ಡಿನೂ ಹಾಕಲ್ವಂತೆ.”

“ದುಡ್ಡು?”

“ಕೊರೊನಾಗೆ ಮುಂಚೆ ಅಪ್ಪ, ಅಮ್ಮ, ನಾನು ಹೋಗ್ಬೇಕೂಂತ ಟಿಕೆಟ್ ಮಾಡಿಸಿದ್ವಲ್ಲ. ಲಾಕ್‌ಡೌನ್ ಆಗಿ ನಿಂತೋಯ್ತಲ್ಲ. ಆ ದುಡ್ಡು ವಿಮಾನದೋರ ಹತ್ರ ಹಾಗೇ ಇದೆ. ಜೂನ್ ಮೂವತ್ತರೊಳಗೆ ಹತ್ಬೇಕು. ಇಲ್ಲಾಂದ್ರೆ ಮುಳುಗ್ತು.”

“ಎರಡು ವರ್ಷ ಯಾವ ಕಂಪನಿಯೋನು ದುಡ್ಡು ಇಟ್ಕೊಂಡು ಕಾಯ್ತಾನೆ?” ಅಂದ ಕೆಂಪರಾಜ್.

“ಕಾಯ್ತಿದಾನಲ್ಲ,” ಅಂದಳು ಹಂಸ, ಮೂಳೆ ತಟ್ಟೆಗೆ ಬಡಿದು ನೆಣ ಉದುರಿಸುತ್ತಾ.

ಅಡುಗೆಮನೆಯಲ್ಲಿ ಸೊಸೆ ಕಾವೇರಿಯ ಸೌಟಿನ ಸದ್ದು ನಿಂತಿತ್ತು. ಸದ್ದು ನಿಂತಿದೆ ಅಂದರೆ ಅವಳ ಕಿವಿ ಈ ಕಡೆ ಇದೆ ಎಂದೇ ಅರ್ಥ.

ಇವರ ಮನೆ ಇರುವುದು ಇಂದಿರಾನಗರದ ಬೆನ್ನಿಗೆ ಅಂಟಿಕೊಂಡ ಕೋಡಿಹಳ್ಳಿಯಲ್ಲಿ. ಗಂಗಲಕ್ಷ್ಮಮ್ಮ ಮದುವೆಯಾಗಿ ಬಂದಾಗ ಅದು ನಿಜವಾಗಿಯೂ ಹಳ್ಳಿ. ಗಂಡ ಮುನಿಶಾಮಿ ದಂಟು, ಕೊತ್ತಂಬರಿ, ಮೆಂತ್ಯ ಬೆಳೆದು ಹಲಸೂರು ಮಾರ್ಕೆಟ್ಟಿಗೆ ಸೈಕಲ್ಲಿನಲ್ಲಿ ಹಾಕುತ್ತಿದ್ದ. ಆಮೇಲೆ ಸೊಪ್ಪು ಬೆಳೆದ ಜಾಗದಲ್ಲಿ ಎರಡು ಸಾಲು ರೂಮು ಎದ್ದವು. ಒಟ್ಟು ಒಂಬತ್ತು. ಈಗ ಅದರಲ್ಲಿ ಇರುವವರೆಲ್ಲ ರಾಯಚೂರು, ಯಾದಗಿರಿ ಕಡೆಯ ಗಾರೆ ಕೆಲಸದವರು, ಮನೆಗೆಲಸದವರು. ಮುನಿಶಾಮಿ ಹೋದ ವರ್ಷ ಸಂಕ್ರಾಂತಿ ಕಳೆದ ವಾರ ಎದೆನೋವು ಅಂತ ಕೂತವನು ಏಳಲಿಲ್ಲ. ಕೆಂಪರಾಜನವು ಎರಡು ನೀರಿನ ಟ್ಯಾಂಕರ್ ಇವೆ. ಬೇಸಿಗೆಯಲ್ಲಿ ಅವನು ರಾಜ, ಮಳೆಗಾಲದಲ್ಲಿ ಅಮ್ಮನ ಬಾಡಿಗೆ ದುಡ್ಡಿನ ಮೇಲೆ ಕಣ್ಣು.

ಹಂಸ ಹೋದಮೇಲೆ ಕಾವೇರಿ ಪಾತ್ರೆಗಳನ್ನು ಬೇಕಂತಲೇ ಜೋರಾಗಿ ಕುಕ್ಕಿದಳು.

“ಅತ್ತೆ, ನೀವೇ ಯೋಚ್ನೆ ಮಾಡಿ. ಗಂಡನ್ನ ಬಿಟ್ಟು, ಮಗುನ ಬಿಟ್ಟು, ಅಮ್ಮನ್ನ ಮಾತ್ರ ಕರ್ಕೊಂಡು ಹೋಗ್ತಾಳಂತೆ. ನನ್ನ ನಾದಿನಿ ಅಷ್ಟು ಧಾರಾಳಿ ಅಂತ ನಂಗೆ ಗೊತ್ತೇ ಇರಲಿಲ್ಲ.”

“ಅದೇ ನಾನೂ ಯೋಚ್ನೆ ಮಾಡ್ತಿದೀನಿ,” ಅಂದ ಕೆಂಪರಾಜ್, ಹಲ್ಲಿಗೆ ಕಡ್ಡಿ ಹಾಕುತ್ತಾ. “ಅಮ್ಮ, ಅವಳಿಗೆ ಗೊತ್ತಾಗಿದೆ.”

“ಏನು ಗೊತ್ತಾಗಿದೆ?” ಅಂದಳು ಗಂಗಲಕ್ಷ್ಮಮ್ಮ, ಏನು ಅಂತ ಚೆನ್ನಾಗಿ ಗೊತ್ತಿದ್ದೂ.

“ಗೌರಿ ಹಬ್ಬದ್ದು.”

ನಡೆದದ್ದನ್ನು ಹೇಳಿಬಿಡುತ್ತೇನೆ, ಮುಚ್ಚಿಡುವಂಥ ಗೌರವದ ವಿಷಯವೇನಲ್ಲ. ಮುನಿಶಾಮಿ ಹೋದ ವರ್ಷವೇ ಬಂದ ಗೌರಿ ಹಬ್ಬಕ್ಕೆ ಹಂಸಳನ್ನು ಕರೆದು, ಒಬ್ಬಟ್ಟು ಮಾಡಿ, ತುಪ್ಪ ಸುರಿದು ಬಡಿಸಿ, ರೇಷ್ಮೆ ಸೀರೆ ಉಡಿಸಿ, ತವರಿನ ಬಾಗಿನ ಕೈಗಿಟ್ಟು, ಅದರ ಹಿಂದೆಯೇ ಕಾಗದ ಇಟ್ಟಿದ್ದರು. “ಅಪ್ಪನ ಹೆಸರಿಂದ ಖಾತಾ ಅಮ್ಮನ ಹೆಸರಿಗೆ ಬರ್ಬೇಕಲ್ಲ, ಅದಕ್ಕೆ,” ಅಂದಿದ್ದ ಕೆಂಪರಾಜ್. ಅದು ಹಕ್ಕು ಖುಲಾಸೆ ಪತ್ರ. ಅಪ್ಪನ ಆಸ್ತಿಯಲ್ಲಿ ನನಗೇನೂ ಬೇಡ, ಅಮ್ಮನಿಗೂ ಅಣ್ಣನಿಗೂ ಬಿಟ್ಟಿದ್ದೇನೆ ಎಂಬ ಪತ್ರ. ಹಂಸ ಪುಟ ತಿರುಗಿಸಿ ತಿರುಗಿಸಿ ಸೈನ್ ಹಾಕಿದ್ದಳು. ಸೋಮವಾರ ರಿಜಿಸ್ಟ್ರಾರ್ ಆಫೀಸಿಗೂ ಬಂದು ಬೆರಳು ಒತ್ತಿ ಫೋಟೊ ತೆಗೆಸಿಕೊಂಡು ಹೋಗಿದ್ದಳು.

ಇದರಲ್ಲಿ ಇನ್ನೂ ನಾಚಿಕೆಗೇಡಿನ ಮಾತೆಂದರೆ, ಗಂಗಲಕ್ಷ್ಮಮ್ಮನಿಗೇ ಅವಳ ತವರಿನಲ್ಲಿ ಇದೇ ಆಗಿತ್ತು. ಕೆ.ಆರ್. ಪುರದ ಹತ್ತಿರ ದೇವಸಂದ್ರದಲ್ಲಿ ಅಣ್ಣ ಅಮೃತಪ್ಪ ಮಾರಮ್ಮನ ಹಬ್ಬಕ್ಕೆ ಕರೆದು, ಕುರಿ ಕಡಿದು ಉಣ್ಣಿಸಿ, ಸೀರೆ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಆಗ ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆ ಜಮೀನಿನ ಮೇಲೆ ಈಗ ಏಳು ಮಹಡಿಯ ಅಪಾರ್ಟ್‌ಮೆಂಟ್ ನಿಂತಿದೆ. ಬಸ್ಸಿನಲ್ಲಿ ಆ ಕಡೆ ಹೋಗುವಾಗಲೆಲ್ಲ ಅವಳು ಕಿಟಕಿಯಿಂದ ಮುಖ ಒಳಗೆಳೆದುಕೊಳ್ಳುತ್ತಾಳೆ.

ಹೀಗೆ ಉಂಡವಳೂ ಅವಳೇ, ಬಡಿಸಿದವಳೂ ಅವಳೇ. ಅನುಮಾನ ಬರದೆ ಇನ್ನೇನು ಬಂದೀತು?

ಅಂದು ಸಂಜೆಯೇ ಗಂಗಲಕ್ಷ್ಮಮ್ಮ ಬೀರುವಿನ ಸೀರೆಗಳ ಅಡಿಯಲ್ಲಿದ್ದ ಪಾಸ್‌ಪೋರ್ಟನ್ನು ತೆಗೆದು ಅಕ್ಕಿ ಡ್ರಮ್ಮಿನೊಳಗೆ ಹುದುಗಿಸಿಟ್ಟಳು.

ಎರಡು ವಾರ ಬಿಟ್ಟು ಒಂದು ಭಾನುವಾರ ಹಂಸ ಮತ್ತೆ ಬಂದಳು. ಕೈಯಲ್ಲಿ ಶಿವಾಜಿನಗರದ ಬಿರಿಯಾನಿ ಪಾರ್ಸೆಲ್ ನಾಲ್ಕು, ಚೀಲದಲ್ಲಿ ಕಾಗದ. ಗಂಗಲಕ್ಷ್ಮಮ್ಮ ಬಿರಿಯಾನಿ ನೋಡಿದಳು, ಕಾಗದ ನೋಡಿದಳು, ಕೆಂಪರಾಜನ ಮುಖ ನೋಡಿದಳು. ಕೆಂಪರಾಜ್ ಹುಬ್ಬು ಹಾರಿಸಿದ, ನಾನು ಹೇಳಲಿಲ್ವಾ ಎನ್ನುವ ಹಾಗೆ.

“ವೀಸಾ ಫಾರಂ ಅಮ್ಮ. ಇಲ್ಲೊಂದು ಸೈನ್, ಕೊನೇ ಪುಟದಲ್ಲೊಂದು. ಪಾಸ್‌ಪೋರ್ಟ್ ಕೊಡು, ಏಜೆಂಟ್‌ಗೆ ಕೊಡ್ಬೇಕು.”

“ಪಾಸ್‌ಪೋರ್ಟ್ ಎಲ್ಲಿಟ್ಟಿದೀನೋ ಮರ್ತೋಗಿದೆ. ಜೆರಾಕ್ಸ್ ಮಾಡಿಸಿ ಕಳಿಸ್ತೀನಿ.”

“ಮರ್ತೋಗಿದ್ರೆ ಜೆರಾಕ್ಸ್ ಹೇಗೆ ಮಾಡಿಸ್ತೀಯ?”

“ಹುಡುಕಿ ಮಾಡಿಸ್ತೀನಿ. ಫಾರಂ ಇಲ್ಲೇ ಬಿಟ್ಟೋಗು. ಕೈಗೆಲ್ಲ ಎಣ್ಣೆ, ಆಮೇಲೆ ಹಾಕ್ತೀನಿ.”

“ಬಿರಿಯಾನಿ ಇನ್ನೂ ಬಿಚ್ಚೇ ಇಲ್ಲ ಅತ್ತೆ, ಎಣ್ಣೆ ಎಲ್ಲಿಂದ ಬಂತು?” ಅಂದುಬಿಟ್ಟಳು ಕಾವೇರಿ. ಅಂದಮೇಲೆ ತನ್ನ ಪಕ್ಷ ಯಾವುದು ಅಂತ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಹಂಸ ನಕ್ಕಳು. “ನಿಧಾನಕ್ಕೆ ಹಾಕಮ್ಮ. ಬುಧವಾರ ತಗೊಂಡೋಗ್ತೀನಿ. ಅಲ್ಲಿ ತುಂಬಾ ಸೆಖೆಯಂತೆ, ಕಾಟನ್ ಸೀರೆ ಇಟ್ಕೋ. ಒಂದು ಪಾರ್ಕ್ ಇದೆಯಂತೆ, ಕಬ್ಬಿಣದ ಮರಗಳಂತೆ, ರಾತ್ರಿ ಲೈಟ್ ಹಾಕ್ತಾರಂತೆ.”

“ಕಬ್ಬಿಣದ ಮರ ನೋಡೋಕೆ ಅಷ್ಟು ದೂರ ಹೋಗ್ಬೇಕಾ?” ಅಂದ ಕೆಂಪರಾಜ್. “ಮೆಟ್ರೋ ಕಂಬ ನೋಡಿದ್ರಾಯ್ತು.”

ಗಂಗಲಕ್ಷ್ಮಮ್ಮ ಆ ಬಿರಿಯಾನಿಯನ್ನು ನಾಲ್ಕು ತುತ್ತು ತಿಂದಳು. ಮಿಕ್ಕಿದ್ದನ್ನು ಮೂರನೇ ರೂಮಿನ ಭೀಮಬಾಯಿಗೆ ಕೊಟ್ಟಳು. ಭೀಮಬಾಯಿ ಲಿಂಗಸೂರು ಕಡೆಯವಳು, ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ನೆಲ ಒರೆಸುವ ಕೆಲಸ.

“ಅಮ್ಮಾರ, ಪರದೇಶಕ್ಕ ಹೊಂಟೀರಂತಲ್ಲ?”

“ಯಾರು ಹೇಳಿದ್ದು? ಇನ್ನೂ ಏನೂ ಇಲ್ಲ.”

“ಹೋಗಿ ಬರ್ರಿ. ನನ್ ಮಗಳು ಹಿಂಗ ಕರದ್ರ ನಾ ಬರಿಗಾಲಾಗ ನಡಕೊಂತ ಹೋಗ್ತಿದ್ದೆ.”

“ನಿಂಗೇನಮ್ಮ, ನಿನ್ ಹೆಸರಲ್ಲಿ ಏನಿದೆ?” ಅಂದುಬಿಟ್ಟಳು ಗಂಗಲಕ್ಷ್ಮಮ್ಮ. ಅಂದದ್ದು ತನಗೇ ಕೆಟ್ಟದೆನಿಸಿತು. ಭೀಮಬಾಯಿ ಬೇಜಾರು ಮಾಡಿಕೊಳ್ಳಲಿಲ್ಲ, ಪೊಟ್ಟಣ ಮೂಸಿ ನೋಡಿ ಒಳಗೆ ಹೋದಳು.

ಮಾರನೆಯ ದಿನ ಫಾರಂ ಅನ್ನು ಹಳೇ ಕ್ಯಾಲೆಂಡರಿನಲ್ಲಿ ಸುತ್ತಿಕೊಂಡು ಆಟೋ ಹತ್ತಿ ಮರ್ಫಿ ಟೌನಿಗೆ ಹೋದಳು. ಅಲ್ಲಿ ಕಮರುನ್ನೀಸಾ ಟೀಚರ್ ಇದ್ದಾರೆ. ಕಾರ್ಪೊರೇಷನ್ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಿ ಆದವರು. ಅಮೃತಪ್ಪ ಹೆಬ್ಬೆಟ್ಟು ಒತ್ತಿಸಿಕೊಂಡ ವರ್ಷ, ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಇವರ ಬಾಗಿಲಲ್ಲೇ ಕೂತು ಗಂಗಲಕ್ಷ್ಮಮ್ಮ ಅತ್ತದ್ದು. ಆಗ ಟೀಚರ್ ಸ್ಲೇಟು ಕೊಟ್ಟು ಹೆಸರು ಬರೆಯೋದು ಕಲಿಸಿದರು. ಹೆಸರಿನ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ ಹಾಕಿಸಿ, “ಇದು ನಿಮ್ಮ ಬೀಗ ಗಂಗಮ್ಮ, ಇದಿಲ್ದೆ ಇರೋ ಸೈನ್ ನಿಮ್ದಲ್ಲ,” ಅಂದಿದ್ದರು. ಅಂದಿನಿಂದ ಬ್ಯಾಂಕಿರಲಿ, ಗ್ಯಾಸಿನ ಪುಸ್ತಕವಿರಲಿ, ಬೀಗ ಹಾಕದೆ ಅವಳು ಸೈನ್ ಮಾಡಿದವಳಲ್ಲ.

ಟೀಚರ್ ಕನ್ನಡಕ ಏರಿಸಿ ಫಾರಮ್ಮಿನ ಒಂದೊಂದೇ ಸಾಲು ಓದಿದರು.

“ಏನೂ ಇಲ್ಲಮ್ಮ. ಹೆಸರು, ಊರು, ಎಷ್ಟು ದಿನ ಇರ್ತೀರಾ, ಅಷ್ಟೇ. ನಾನು ಮೆಕ್ಕಾಕ್ಕೆ ಉಮ್ರಾಗೆ ಹೋಗೋವಾಗ ಇದಕ್ಕಿಂತ ಜಾಸ್ತಿ ಬರ್ಕೊಟ್ಟಿದ್ದೆ.”

“ಮನೆ ಅಂತ ಎಲ್ಲಾದ್ರೂ ಇದೆಯಾ?”

“ಮನೆ ವಿಳಾಸ ಅಂತಿದೆ.”

“ನೋಡಿದ್ರಾ!”

“ಅಯ್ಯೋ ಅಲ್ಲಾ! ವಿಳಾಸ ಬರೀದೆ ನಿಮ್ಮನ್ನ ವಾಪಸ್ ಎಲ್ಲಿಗೆ ಕಳಿಸ್ತಾರೆ ಮತ್ತೆ?”

ಗಂಗಲಕ್ಷ್ಮಮ್ಮ ಪೆನ್ನು ಇಸ್ಕೊಂಡು ಅಲ್ಲೇ ಸೈನ್ ಮಾಡಿದಳು. ಹೆಸರು ಬರೆದು ಕೈ ಎತ್ತಿಬಿಟ್ಟಳು. ಗೆರೆಯಿಲ್ಲ, ಚುಕ್ಕಿಯಿಲ್ಲ.

“ಬೀಗ ಎಲ್ಲಿ?” ಅಂದರು ಟೀಚರ್.

“ನೀವು ಓದಿದ್ದು ಎರಡು ಪುಟ. ಆಮೇಲೆ ಮೂರನೇದು ಸೇರಿಸಿದ್ರೆ? ನಾಳೆ ಏನಾದ್ರೂ ಆದ್ರೆ, ಇದು ನನ್ ಸೈನೇ ಅಲ್ಲ ಅಂದ್ಬಿಡ್ತೀನಿ.”

ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಗಂಗಮ್ಮ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಆ ಮಗೂಗೆ ಏನಾದ್ರೂ ಮಾಡಿದೀರಾ?”

“ಏನ್ ಮಾಡ್ತೀನಿ? ಹೆತ್ತಿದೀನಿ,” ಅಂತ ಎದ್ದುಬಿಟ್ಟಳು. ಟೀಚರ್ ಕೊಟ್ಟ ಟೀ ಅರ್ಧ ಹಾಗೇ ಉಳಿಯಿತು.

ಮೇ ತಿಂಗಳು ಬಂತು. ಟ್ಯಾಂಕರ್‌ಗೆ ಕರೆ ಮೇಲೆ ಕರೆ, ಕೆಂಪರಾಜ್ ಊಟಕ್ಕೆ ಮೂರು ಗಂಟೆಗೆ ಬರುತ್ತಿದ್ದ. ಹಾಗೆ ಅನ್ನ ಕಲಸಿಕೊಳ್ಳುವ ಹೊತ್ತಿಗೆ ಒಂದು ದಿನ ಹಂಸಳ ಫೋನು ಬಂತು. ಗಂಗಲಕ್ಷ್ಮಮ್ಮ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವವಳು.

“ಅಮ್ಮ, ಏಜೆಂಟ್ ಇನ್ನೊಂದು ಕೇಳ್ತಿದಾನೆ. ಬ್ಯಾಂಕ್ ಪಾಸ್‌ಬುಕ್ಕು, ಆಮೇಲೆ ಮನೆ ಪತ್ರದ್ದು ಒಂದು ಜೆರಾಕ್ಸ್. ವಯಸ್ಸಾದೋರು ಅಲ್ಲೇ ಉಳ್ಕೊಂಡುಬಿಡಲ್ಲ, ಊರಲ್ಲಿ ಆಸ್ತಿ ಇದೆ, ವಾಪಸ್ ಬರ್ತಾರೆ ಅಂತ ತೋರಿಸ್ಬೇಕಂತೆ.”

ಕೆಂಪರಾಜ್ ಎಂಜಲು ಕೈಯಲ್ಲೇ ಫೋನು ಕಿತ್ತುಕೊಂಡ. “ಬಂತು ನೋಡು! ಬಂತಾ ಕೊನೆಗೆ? ಮನೆ ಪತ್ರ ಯಾಕೆ ಬೇಕು ನಿಂಗೆ? ಸಿಂಗಾಪುರದೋನು ಕೋಡಿಹಳ್ಳಿಲಿ ಬಾಡಿಗೆಗೆ ಬರ್ತಾನಾ?”

“ಅಣ್ಣ, ನಾನು ಕೇಳ್ತಿರೋದಲ್ಲ, ಏಜೆಂಟ್ ಕೇಳ್ತಿರೋದು.”

“ಯಾವ ಏಜೆಂಟು? ಅವನ ನಂಬರ್ ಕೊಡು, ನಾನು ಮಾತಾಡ್ತೀನಿ.”

“ಕೊಡ್ತೀನಿ ಬರ್ಕೋ.”

ಕೊಟ್ಟೇಬಿಟ್ಟಳು. ಕೆಂಪರಾಜ್ ಫೋನ್ ಮಾಡಿದ. ಆ ಏಜೆಂಟು ಇವನಿಗೂ ಅದನ್ನೇ ಹೇಳಿ, ಪತ್ರ ಇಲ್ಲದಿದ್ದರೆ ಪಾಸ್‌ಬುಕ್ಕೊಂದೇ ಸಾಕು ಅಂದ. ಅಷ್ಟಕ್ಕೆ ಸಮಾಧಾನ ಆಗಬೇಕಲ್ಲ? ಆಗಲಿಲ್ಲ. “ಅವನೂ ಅವಳ ಕಡೆಯೋನೇ ಇರ್ಬೇಕು,” ಅಂದಳು ಕಾವೇರಿ, ಮೊಸರು ಬಡಿಸುತ್ತಾ. ಮೂರು ಜನವೂ ತಲೆಯಾಡಿಸಿದರು.

ಆದರೂ ಗಂಗಲಕ್ಷ್ಮಮ್ಮನೊಳಗೆ ಒಂದು ಆಸೆ ಮೆಲ್ಲಗೆ ತಲೆಯೆತ್ತಿತ್ತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಬೀರು ತೆಗೆದು ನಾಲ್ಕು ಕಾಟನ್ ಸೀರೆ ಆರಿಸಿ ಮಂಚದ ಮೇಲಿಟ್ಟಳು. ಮುನಿಶಾಮಿಯ ನೆನಪಾಯಿತು. ಹಳೇ ವಿಮಾನ ನಿಲ್ದಾಣ ಊರಾಚೆ ಹೋಗುವವರೆಗೂ ಇವರ ಸೊಪ್ಪಿನ ಮಡಿಗಳ ಮೇಲೆಯೇ ವಿಮಾನಗಳು ಇಳಿಯುತ್ತಿದ್ದವು, ಚಕ್ರ ಕೈಗೆ ಸಿಗುತ್ತದೇನೋ ಅನ್ನುವಷ್ಟು ಕೆಳಗೆ. ಆ ಸದ್ದಿಗೆ ಎಮ್ಮೆ ಸೊರ ಬಿಡುತ್ತಿರಲಿಲ್ಲ, ಹಾಲೇ ಇಳಿಸುತ್ತಿರಲಿಲ್ಲ. ಮುನಿಶಾಮಿ ಮಾತ್ರ ಕುಡುಗೋಲು ಕೆಳಗಿಟ್ಟು, ಕಣ್ಣಿಗೆ ಕೈ ಅಡ್ಡ ಇಟ್ಟು, “ಒಂದ್ ಸಲ ಅದರೊಳಗಿಂದ ನಮ್ ಮಡಿ ನೋಡ್ಬೇಕು ಕಣೇ ಗಂಗಾ, ಕೊತ್ತಂಬರಿ ಯಾವುದು ಮೆಂತ್ಯ ಯಾವುದು ಗೊತ್ತಾಗುತ್ತಾ ಅಂತ,” ಅನ್ನುತ್ತಿದ್ದ.

ಕಾವೇರಿ ಬರುವ ಚಪ್ಪಲಿ ಸದ್ದು ಕೇಳಿತು. ಸೀರೆಗಳನ್ನು ಗಡಿಬಿಡಿಯಿಂದ ಬೀರುವಿಗೆ ತುರುಕಿದಳು.

ಜೂನ್ ಎರಡನೇ ವಾರ ಫಾರಂ ವಾಪಸ್ ಬಂತು. ಪಾಸ್‌ಪೋರ್ಟಿನ ಜೆರಾಕ್ಸಿನಲ್ಲಿರುವ ಸೈನಿಗೂ ಫಾರಮ್ಮಿನ ಸೈನಿಗೂ ಹೊಂದುತ್ತಿಲ್ಲವಂತೆ. ಹಂಸ ಆಫೀಸು ಮುಗಿಸಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಹೊಸ ಫಾರಂ ತಂದಳು. ಅವಳು ಇಂದಿರಾನಗರದ ಒಂದು ಆಸ್ಪತ್ರೆಯಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ, ಎಂಟು ಗಂಟೆ ನಿಂತೇ ಇರಬೇಕು.

“ಕೈ ನಡುಗಿದೆ ಅನ್ಸುತ್ತೆ ಅಮ್ಮ. ಪರವಾಗಿಲ್ಲ, ನಿಧಾನಕ್ಕೆ ಹಾಕು. ಬಾ, ಟೇಬಲ್ ಮೇಲೆ ಇಟ್ಕೋ.” ಕಾಗದ ಜರುಗದಂತೆ ಹಂಸ ತನ್ನ ಅಂಗೈ ಊರಿ ಹಿಡಿದಳು.

ಗಂಗಲಕ್ಷ್ಮಮ್ಮ ಹೆಸರು ಬರೆದಳು. ಗೆರೆ ಎಳೆಯಲು ಪೆನ್ನು ಎಡಕ್ಕೆ ಹೋಯಿತು. ಬಾಗಿಲಲ್ಲಿ ಕೆಂಪರಾಜ್ ಕೆಮ್ಮಿದ. ಪೆನ್ನು ಅಲ್ಲೇ ನಿಂತಿತು.

“ಆಯ್ತಾ?”

“ಆಯ್ತು.”

ಹತ್ತು ದಿನ ಕಳೆದು, ಜೂನ್ ಇಪ್ಪತ್ತನಾಲ್ಕನೇ ತಾರೀಖು ಹಂಸ ಮತ್ತೆ ಬಂದಳು. ಈ ಸಲ ಕೈಯಲ್ಲಿ ಬಿರಿಯಾನಿಯಿಲ್ಲ, ಮುಖದಲ್ಲಿ ನಗುವಿಲ್ಲ. ಚಪ್ಪಲಿ ಬಿಡುತ್ತಲೇ, “ಅಮ್ಮ, ಪಾಸ್‌ಪೋರ್ಟ್ ತಾ. ಒಂದು ನಿಮಿಷ ನೋಡಿ ಕೊಡ್ತೀನಿ,” ಅಂದಳು.

ಆ ದನಿಗೆ ಗಂಗಲಕ್ಷ್ಮಮ್ಮ ಎದ್ದು, ಡ್ರಮ್ಮಿಗೆ ಮೊಣಕೈವರೆಗೂ ಕೈ ಹಾಕಿ ತಂದುಕೊಟ್ಟಳು. ಪುಟಗಳ ಮಧ್ಯದಿಂದ ನಾಲ್ಕು ಅಕ್ಕಿಕಾಳು ಉದುರಿದವು. ಹಂಸ ಅದನ್ನು ನೋಡಿದಳು. ಪಾಸ್‌ಪೋರ್ಟಿನ ಸೈನು, ವಾಪಸ್ ಬಂದ ಎರಡು ಫಾರಮ್ಮಿನ ಸೈನು ಪಕ್ಕಪಕ್ಕ ಇಟ್ಟಳು. ಗೋಡೆಗೆ ನೇತುಹಾಕಿದ್ದ ಗ್ಯಾಸಿನ ಪುಸ್ತಕ ತೆಗೆದು ಅದನ್ನೂ ಬಿಚ್ಚಿ ಇಟ್ಟಳು. ಗೆರೆ, ಎರಡು ಚುಕ್ಕಿ. ಗೆರೆ, ಎರಡು ಚುಕ್ಕಿ.

“ಗ್ಯಾಸಿನೋನಿಗೆ ಹಾಕ್ತೀಯ, ನಂಗೆ ಹಾಕಲ್ಲ. ಬೇಕೂಂತಲೇ ಬಿಟ್ಟಿದೀಯ.”

“ಮರ್ತೋಯ್ತು.”

“ಎರಡು ಸಲಾನಾ? ಇನ್ನು ಆರೇ ದಿನ ಅಮ್ಮ. ವೀಸಾ ಆಗಲ್ಲ. ಮುಗೀತು. ಯಾಕೆ ಅಂತ ಆದ್ರೂ ಹೇಳು. ನಾನು ನಿನ್ನ ಮನೆ ಬರೆಸ್ಕೊಂಡುಬಿಡ್ತೀನಿ ಅಂತಾನಾ?”

“ಹಾಗೇನೂ ಯಾರೂ ಹೇಳಿಲ್ಲ,” ಅಂದ ಕೆಂಪರಾಜ್ ಬಾಗಿಲಿಂದ.

“ನೀನು ಸುಮ್ನಿರಣ್ಣ. ನಾನು ಅಮ್ಮನ್ನ ಕೇಳ್ತಿದೀನಿ.”

ಗಂಗಲಕ್ಷ್ಮಮ್ಮನಿಗೆ ರೇಗಿತು. ತಪ್ಪು ಸಿಕ್ಕಿಬಿದ್ದಾಗ ಅವಳಿಗೆ ರೇಗುತ್ತದೆ. “ಹೌದು ಕಣೇ, ಅಂದ್ಕೊಂಡೆ! ಗೌರಿ ಹಬ್ಬದ್ದು ನಿಂಗೆ ಗೊತ್ತಾಗಿದೆ, ಅದನ್ನ ತಿರುಗಿಸೋಕೆ ಬಂದಿದೀಯ ಅಂದ್ಕೊಂಡೆ! ಇನ್ಯಾಕೆ ನನ್ನಂಥೋಳನ್ನ ಸಿಂಗಾಪುರಕ್ಕೆ ಕರ್ಕೊಂಡು ಹೋಗ್ತಾರೆ?”

ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ಕಾವೇರಿ ಆರಿಸಲು ಹೋಗಲಿಲ್ಲ.

“ಗೊತ್ತಾಗಿದೆ?” ಅಂದಳು ಹಂಸ, ದನಿ ಏರಿಸದೆ. “ಯಾವಾಗ ಗೊತ್ತಾಯ್ತು ಅಂದ್ಕೊಂಡಿದೀಯ? ನಾನು ಅವತ್ತೇ ಓದ್ದೆ ಅಮ್ಮ. ದಿನಾ ನೂರು ಜನಕ್ಕೆ ಓದಿ ಹೇಳಿ ಸೈನ್ ಹಾಕಿಸ್ತೀನಿ, ನನಗೆ ಓದಕ್ಕೆ ಬರಲ್ವಾ? ಎರಡನೇ ಪುಟದಲ್ಲೇ ಇತ್ತು. ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಅಂತ.”

“ಮತ್ತೆ... ಮತ್ತೆ ಯಾಕೆ ಹಾಕ್ದೆ?”

“ನೀನು ಗೋಡೆ ನೋಡ್ತಾ ನಿಂತಿದ್ದೆ. ಒಂದ್ ಸಲ ನನ್ನ ಮುಖ ನೋಡ್ತೀಯೇನೋ ಅಂತ ಪೆನ್ನು ಹಿಡ್ಕೊಂಡು ಕಾದೆ. ನೋಡಲಿಲ್ಲ. ಹಾಕದೆ ಎದ್ದೋದ್ರೆ ಮುಂದಿನ ಗೌರಿಗೆ ಈ ಮನೆಯಿಂದ ಬಾಗಿನ ಬರಲ್ಲ ಅನ್ನಿಸ್ತು. ಅಪ್ಪ ಹೋಗಿ ಎಂಟು ತಿಂಗಳಾಗಿತ್ತು. ನೀನೂ ಕೈಬಿಟ್ರೆ ನಂಗೆ ತವರು ಅಂತ ಯಾರಿದಾರೆ? ಹಾಕ್ಬಿಟ್ಟೆ.”

ಕೆಂಪರಾಜ್ ಹೊಸಿಲ ಮೇಲೆ ಕೂತುಬಿಟ್ಟ.

“ಇನ್ನೊಂದು ಹೇಳ್ತೀನಿ, ಕೇಳಿಸ್ಕೊಳ್ಳಿ,” ಅಂದಳು ಹಂಸ ಕಾಗದ ಮಡಚುತ್ತಾ. “ಆ ಟಿಕೆಟ್ ದುಡ್ಡು ನಂದಲ್ಲ. ಅಪ್ಪ ಚೀಟಿ ಎತ್ತಿ ನನ್ನ ಕೈಗೆ ಕೊಟ್ಟಿದ್ರು. ದುಡ್ಡು ನಂದು ಅಂತ ರಾಜನಿಗೆ ಹೇಳ್ಬೇಡ, ಟ್ಯಾಂಕರ್ ಟೈರಿಗೆ ಕೇಳ್ತಾನೆ, ನಿಮ್ಮಮ್ಮನಿಗೂ ಹೇಳ್ಬೇಡ, ಬೇಡ ಅಂತಾಳೆ ಅಂದಿದ್ರು. ಅವರಂತೂ ಹತ್ತಲಿಲ್ಲ, ನೀನಾದ್ರೂ ಕಿಟಕಿ ಪಕ್ಕ ಕೂತ್ಕೋಬೇಕು ಅಂತಿತ್ತು ನಂಗೆ. ಅಷ್ಟೇ ಇದ್ದಿದ್ದು.”

ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟು ಹೊರಟಳು. “ಊಟ ಮಾಡ್ಕೊಂಡು ಹೋಗೇ,” ಅಂದಳು ಗಂಗಲಕ್ಷ್ಮಮ್ಮ ಬಾಗಿಲವರೆಗೂ ಓಡಿ. ಹಂಸ ತಿರುಗಿ, “ಬೇಡಮ್ಮ, ಈ ಮನೇಲಿ ಊಟ ಮಾಡೋಕೆ ಭಯ ಆಗುತ್ತೆ,” ಅಂದು ಮೆಟ್ಟಿಲಿಳಿದಳು.

ಜೂನ್ ಮೂವತ್ತು ಬಂತು, ಹೋಯಿತು. ಅವತ್ತು ಗಂಗಲಕ್ಷ್ಮಮ್ಮ ಮುದ್ದೆ ತಿರುವಿ, ಬಡಿಸಿ, ತಾನು ಮಾತ್ರ ಉಣ್ಣಲಿಲ್ಲ. ಮುನಿಶಾಮಿ ಒಂದೊಂದು ರೂಪಾಯಿ ಕೂಡಿಸಿ ಕಟ್ಟಿದ ಚೀಟಿ, ಒಂದು ಗೆರೆ, ಎರಡು ಚುಕ್ಕಿ ಎಳೆಯದಿದ್ದಕ್ಕೆ ಹೋಯಿತಲ್ಲ ಅಂತ ಅಡುಗೆಮನೆಯ ಮೂಲೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹಂಸಳಿಗೆ ಫೋನು ಮಾಡಿದರೆ ಎತ್ತುತ್ತಿದ್ದಳು, ಚೆನ್ನಾಗಿದೀಯಾ, ಮಾತ್ರೆ ತಗೊಂಡ್ಯಾ, ಅಷ್ಟೇ. ಆಷಾಢ ಕಳೆಯಿತು, ವರಮಹಾಲಕ್ಷ್ಮಿಗೂ ಅವಳು ಬರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಗಂಗಲಕ್ಷ್ಮಮ್ಮ ಮತ್ತೆ ಮರ್ಫಿ ಟೌನಿಗೆ ಹೋದಳು. “ಟೀಚರ್, ಅವತ್ತು ಕೇಳಿದ್ರಲ್ಲ, ಏನಾದ್ರೂ ಮಾಡಿದೀರಾ ಅಂತ. ಮಾಡಿದೀನಿ,” ಅಂದಳು. ಟೀಚರ್ ಬುರ್ಖಾ ಹಾಕಿಕೊಂಡು ಜೊತೆಗೆ ಹೊರಟರು. ಹಲಸೂರಿನಲ್ಲಿ ಪತ್ರ ಬರೆಯುವವನ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಎರಡು ಗಂಟೆ ಕೂತಿದ್ದರು.

ಮನೆಯಲ್ಲಿ ಆದ ರಾದ್ಧಾಂತ ಕೇಳಬೇಡಿ.

“ಮೂರು ರೂಮಾ? ಅವಳೇ ಬೇಡ ಅಂತ ಬರ್ಕೊಟ್ಟಿದಾಳಲ್ಲ!”

“ನಾವು ಬರೆಸ್ಕೊಂಡಿದ್ದು ಕಣೋ, ಅವಳು ಬರ್ಕೊಟ್ಟಿದ್ದಲ್ಲ. ನನ್ನ ಪಾಲಿಂದ ಕೊಡ್ತಿದೀನಿ. ನಿಂದು ಮುಟ್ಟಿಲ್ಲ.”

“ಅತ್ತೆ, ನಾಳೆ ನಿಮ್ಮನ್ನ ನೋಡ್ಕೊಳ್ಳೋರು ಯಾರು ಅಂತ ಯೋಚ್ನೆ ಮಾಡಿದೀರಾ?”

“ಮಾಡಿದೀನಿ. ಅದಕ್ಕೇ ಕೊಡ್ತಿರೋದು.”

ಕೆಂಪರಾಜ್ ತಟ್ಟೆ ತಳ್ಳಿ ಎದ್ದುಹೋದ.

ಗೌರಿ ಹಬ್ಬ ಬಂತು. ಬಾಗಿನ ತಲುಪಿಸುವುದು ಅಣ್ಣನ ಕೆಲಸ. ಅಣ್ಣ ಕದಲಲಿಲ್ಲ. ಗಂಗಲಕ್ಷ್ಮಮ್ಮ ತಾನೇ ಮೊರಕ್ಕೆ ಅರಿಶಿನ ಹಚ್ಚಿ, ಅಕ್ಕಿ, ಬೇಳೆ, ಬಳೆ, ಬಿಚ್ಚೋಲೆ, ರವಿಕೆ ಕಣ, ತೆಂಗಿನಕಾಯಿ ತುಂಬಿ, ಇನ್ನೊಂದು ಮೊರ ಮುಚ್ಚಿ, ದಾರ ಸುತ್ತಿದಳು. ಭೀಮಬಾಯಿ ಆಟೋದವರೆಗೂ ಹೊತ್ತು ತಂದುಕೊಟ್ಟಳು. ಹಂಸಳ ಮನೆಯಿರುವ ಲಿಂಗರಾಜಪುರದವರೆಗೂ ಗಂಗಲಕ್ಷ್ಮಮ್ಮ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು.

ಹಂಸ ಬಾಗಿಲು ತೆಗೆದು ಹಾಗೇ ನಿಂತಳು. “ಒಬ್ಳೇ ಬಂದ್ಯಾ? ಅಣ್ಣ?”

“ಮೂರು ದಿನದಿಂದ ನನ್ ಕೈಯ ಊಟ ಬಿಟ್ಟಿದಾನೆ.”

“ಅಯ್ಯೋ, ಯಾಕೆ?”

“ಹಸಿವಾದ್ರೆ ತಿಂತಾನೆ ಬಿಡು. ಸೆರಗು ಹಿಡಿ.”

ಹಂಸ ಸೆರಗು ಒಡ್ಡಿ ಬಾಗಿನ ತೆಗೆದುಕೊಂಡಳು, ಕಾಲಿಗೆ ನಮಸ್ಕಾರ ಮಾಡಿದಳು. ಮೊರವನ್ನು ದೇವರ ಮುಂದಿಟ್ಟು ದಾರ ಬಿಚ್ಚಿದಳು. ಅಕ್ಕಿಯ ಮೇಲೆ ಬೆರಳಾಡಿಸಿ, ತಾಯಿಯ ಕಡೆ ತಿರುಗಿ ಅರ್ಧ ತಮಾಷೆಯಾಗಿ, ಅರ್ಧ ನಿಜವಾಗಿಯೇ ಕೇಳಿದಳು:

“ಇದರಡಿ ಏನಾದ್ರೂ ಕಾಗದ ಇದೆಯಾ ಅಮ್ಮ?”

“ಇದೆ,” ಅಂದಳು ಗಂಗಲಕ್ಷ್ಮಮ್ಮ.

ಹಂಸಳ ಕೈ ಅಕ್ಕಿಯಿಂದ ಸರಕ್ಕನೆ ಈಚೆ ಬಂತು. ಗಂಗಲಕ್ಷ್ಮಮ್ಮ ತಾನೇ ಬಗ್ಗಿ ಅಕ್ಕಿಯೊಳಗಿಂದ ಎರಡು ವಸ್ತು ತೆಗೆದಳು. ಒಂದು ಅವಳ ಪಾಸ್‌ಪೋರ್ಟು. ಇನ್ನೊಂದು ನಾಲ್ಕಾಗಿ ಮಡಚಿದ ಪತ್ರ.

“ಪಾಸ್‌ಪೋರ್ಟ್ ನಿನ್ನ ಹತ್ರಾನೇ ಇರ್ಲಿ. ನನ್ನ ಪಾಲಿನ ಮೂರು ರೂಮಿನ ಬಾಡಿಗೆ ಇನ್ಮೇಲೆ ನಿಂದು. ಯಾವಾಗ ಆಗುತ್ತೋ ಆಗ ಕರ್ಕೊಂಡು ಹೋಗು, ಕರೀದಿದ್ರೂ ಸರಿ. ಇದು ಆ ರೂಮುಗಳ ದಾನಪತ್ರ. ಸೈನ್ ಈಗ್ಲೇ ಹಾಕ್ಬೇಡ. ಮೊದ್ಲು ಓದು. ಐದು ಪುಟ ಇದೆ.”

ಹಂಸ ಕೊನೆಯ ಪುಟ ತೆಗೆದಳು. ಅಲ್ಲಿ ತಾಯಿಯ ಹೆಸರಿತ್ತು, ಹೆಸರಿನ ಕೆಳಗೆ ಗೆರೆಯಿತ್ತು, ಗೆರೆಯ ಕೆಳಗೆ ಎರಡು ಚುಕ್ಕಿ. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಮೊದಲ ಪುಟಕ್ಕೆ ಬಂದು, ಗೋಡೆಗೆ ಒರಗಿ ಕೂತು, ಕೌಂಟರಿನಲ್ಲಿ ಓದುವ ಹಾಗೆ ಬೆರಳಿಟ್ಟು ಒಂದೊಂದೇ ಸಾಲು ಓದತೊಡಗಿದಳು.

ಗಂಗಲಕ್ಷ್ಮಮ್ಮ ಅವಳ ಎದುರಿಗೆ ಕೂತಳು. ಐದು ಪುಟ ಮುಗಿಯುವವರೆಗೂ ಮಗಳ ಮುಖವನ್ನೇ ನೋಡುತ್ತಿದ್ದಳು.